ಇಲ್ಲಿ ಯಾರೂ ಇಲ್ಲ

ಮೇ ೬, ಮಂಗಳವಾರ

ಆದರೂ ನಿನ್ನೆ ಒರ್ನೆಲ್ಲಾ ನಕ್ಕಿದ್ದು ಸರಿಯಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ. ನನ್ನ ಇಂಗ್ಲಿಷು ಕೆಟ್ಟಿಲ್ಲ, ತುಕ್ಕು ಹಿಡಿದಿದೆ, ಅಷ್ಟೆ. ಜೀವಮಾನವೆಲ್ಲ ಹಾರ್ಡ್‌ವೇರ್ ಅಂಗಡಿ ನಡೆಸಿದವನಿಗೆ ಎರಡರ ವ್ಯತ್ಯಾಸ ಗೊತ್ತಿರುತ್ತದೆ. ನೇಪಲ್ಸಿನ ಕಾಲೇಜಿನಲ್ಲಿ ಎರಡು ವರ್ಷ ಕಲಿತೆ. ಅಪ್ಪನಿಗೆ ಲಕ್ವ ಹೊಡೆಯದಿದ್ದರೆ ಮೂರನೆಯದೂ ಆಗುತ್ತಿತ್ತು. ಮೊದಲ ವರ್ಷ ವರ್ತಮಾನ ಕಾಲ, ಎರಡನೆಯ ವರ್ಷ ಭೂತಕಾಲ ಹೇಳಿಕೊಟ್ಟರು. ಭವಿಷ್ಯತ್ತು ಮೂರನೆಯ ವರ್ಷಕ್ಕಿತ್ತು.

ಒರ್ನೆಲ್ಲಾ ನನ್ನ ಹೆಂಡತಿ ನತಿನಾಳ ಅಕ್ಕನ ಮಗಳು. ಪುರಸಭೆಯಲ್ಲಿ ನಿವಾಸಿಗಳ ದಾಖಲೆ ನೋಡಿಕೊಳ್ಳುತ್ತಾಳೆ. ನಿನ್ನೆ ಬೆಳಿಗ್ಗೆ ಫೋನು: "ಚಿಕ್ಕಪ್ಪಾ, ಪ್ಯಾಂಟು ಹಾಕ್ಕೊಂಡು ಬೇಗ ಬಾ. ಇಲ್ಲೊಬ್ಬರು ಇಂಗ್ಲಿಷ್ ಮಾತಾಡ್ತಿದಾರೆ, ನಿಲ್ಲಿಸೋಕೇ ಆಗ್ತಿಲ್ಲ." ಹೋದೆ. ಕೌಂಟರಿನ ಮುಂದೆ ಒಬ್ಬ ಐರಿಷ್ ಹೆಂಗಸು. ಎತ್ತರದ ಆಳು, ಹುಡುಗರ ಹಾಗೆ ಕತ್ತರಿಸಿದ ಬಿಳಿ ಕೂದಲು, ಬೆಟ್ಟ ಹತ್ತುವ ಬೂಟು. ಹೆಸರು ಡಿಂಪ್ನಾ ಟೂಹಿ. ನಾನು ಕೈ ಚಾಚಿ ಬಾಯಿಗೆ ಬಂದದ್ದನ್ನು ಹೇಳಿದೆ: "ಹೌ ಡೂ ಯೂ ಡೂ. ದಿ ಗಾರ್ಡನ್ ಆಫ್ ಮೈ ಅಂಕಲ್ ಈಸ್ ಬಿಗ್." ಐವತ್ತು ವರ್ಷದ ಮೇಲೆ ಬಾಯಿ ತೆರೆದರೆ ಮೊದಲು ಹೊರಬರುವುದು ಮೊದಲನೆಯ ಪಾಠವೇ ತಾನೆ?

ಒರ್ನೆಲ್ಲಾ ನಕ್ಕದ್ದು ಆಗ. ಆದರೆ ಆ ಹೆಂಗಸು ನಗಲಿಲ್ಲ. ಸ್ವಲ್ಪ ಯೋಚಿಸಿ, "ಹಾಗಿದ್ರೆ ನಿಮ್ಮ ಅಂಕಲ್ ಪುಣ್ಯವಂತರು" ಎಂದಳು. ಅದು ಮರ್ಯಾದೆ ಎಂದರೆ.

ವಿಷಯ ಇಷ್ಟು. ಆಕೆ ಪ್ರವಾಸಿಯಲ್ಲ. ನಮ್ಮ ಈ ಕಾಸ್ತೆಲ್‌ಮೂರೋದ ನಿವಾಸಿಯಾಗಬೇಕಂತೆ. ಕಾಯಂ ಆಗಿ. ನಮ್ಮೂರಿನಿಂದ ಹೆಸರು ತೆಗೆಸಲು ಬಂದವರನ್ನು ನಾನು ಸಾಲು ಸಾಲಾಗಿ ನೋಡಿದ್ದೇನೆ. ಸೇರಿಸಲು ಬಂದವರನ್ನು ನೋಡಿದ್ದು ಮಗು ಹುಟ್ಟಿದಾಗ ಮಾತ್ರ. "ಯಾಕೆ?" ಎಂದು ಕೇಳಿದೆ. ಆ ಪದ ನೆನಪಿತ್ತು. ಆಕೆ ಕಿಟಕಿಯ ಕಡೆ ನೋಡಿ ಏನೋ ಉದ್ದಕ್ಕೆ ಹೇಳಿದಳು. ಅದರಲ್ಲಿ ನನಗೆ ಸಿಕ್ಕಿದ್ದು "ಬಾಡಿಗೆ", "ಮಳೆ" ಮತ್ತು "ಸೆವೆನ್". ಉಳಿದದ್ದನ್ನು ಮುಖ ನೋಡಿ ಅನುವಾದಿಸಿದೆ.

ಸಂಜೆ ನೀನಿದ್ದಿದ್ದರೆ ಈ ಗಾರ್ಡನ್ ಕಥೆಯನ್ನು ಎರಡು ಸಲ ಹೇಳಿಸುತ್ತಿದ್ದೆ, ನತಿನಾ. ಈರುಳ್ಳಿ ಹುರಿದು ಬ್ರೆಡ್ಡಿನ ಜೊತೆ ತಿಂದೆ. ಅದೇ ಊಟ.

ಮೇ ೯, ಶುಕ್ರವಾರ

ಆ "ಸೆವೆನ್" ಏನೆಂದು ಒರ್ನೆಲ್ಲಾ ಬಿಡಿಸಿ ಹೇಳಿದಳು. ಬೇರೆ ದೇಶದ ಪಿಂಚಣಿ ಪಡೆಯುವವರು ನಮ್ಮ ದೇಶದ ದಕ್ಷಿಣದ ಸಣ್ಣ ಊರಿಗೆ ಬಂದು ನೆಲೆಸಿದರೆ, ಹೊರಗಿನಿಂದ ಬರುವ ಅವರ ಎಲ್ಲ ಆದಾಯಕ್ಕೂ ಕೆಲವು ವರ್ಷಗಳ ಕಾಲ ನೂರಕ್ಕೆ ಏಳರಷ್ಟೇ ತೆರಿಗೆ. ನಮ್ಮದು ಸಣ್ಣ ಊರು ಎಂಬುದನ್ನು ಸಾಬೀತು ಮಾಡಬೇಕಾಗಿಲ್ಲ. ರೋಮಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ, ಊಟವಾದ ಮೇಲೆ ಇರಬೇಕು, ಭೂಪಟದಲ್ಲಿ ನಮ್ಮ ಮೇಲೆ ಬೆರಳಿಟ್ಟು "ಈ ಊರುಗಳಿಗೂ ಯಾರಾದರೂ ಬರಲಿ" ಎಂದಿದ್ದಾನೆ. ನಾನು ಸರ್ಕಾರವನ್ನು ಹೊಗಳಿದವನಲ್ಲ. ಆದರೆ ಇದನ್ನು ಬರೆದವನಿಗೆ ಒಂದು ಕಾಫಿ ಕೊಡಿಸಬೇಕು.

ಕ್ಷೌರದಂಗಡಿಯಲ್ಲಿ ಹೇಳಿದೆ. ಪೊಂಪಿಲಿಯೋ ಕತ್ತರಿ ನಿಲ್ಲಿಸಿಯೇಬಿಟ್ಟ.

"ಏಳಾ? ನನ್ ಹತ್ರ ಮೂರರಲ್ಲಿ ಒಂದು ಭಾಗ ಕಿತ್ಕೋತಾರೆ, ಅವಳಿಗೆ ಏಳಾ?"

"ನೀನು ಎಲ್ಲಿ ಕೊಟ್ಟಿದ್ದೀಯೋ ಮಹರಾಯ? ನಿನ್ನ ಬಿಲ್ಲಿನ ಮಿಷನ್ನು ಜೇಡ ಮರಿ ಹಾಕೋಕೆ ಇಟ್ಟಿದ್ದೀಯ."

"ಕೊಟ್ಟಿದ್ರೆ ಕಿತ್ಕೋತಿದ್ರು ಅಂದೆ. ನಿಕಾಂದ್ರೋ, ನಾವಿಬ್ರೂ ಐರ್ಲೆಂಡಿಗೆ ಹೋಗಿ ಅಲ್ಲೇ ಮುದುಕರಾಗಿ ವಾಪಸ್ ಬರೋಣ."

"ಮುದುಕರಾಗೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?"

ಅರ್ಜಿ ಕೊಟ್ಟಾಗಿದೆ. ಕೊಟ್ಟ ದಿನದಿಂದಲೇ ಆಕೆ ನಿವಾಸಿ, ಆದರೆ ಪೆನ್ಸಿಲಿನಲ್ಲಿ ಬರೆದ ಹಾಗೆ. ಪುರಸಭೆಯ ಪೇದೆ ಹೇಳದೆ ಕೇಳದೆ ಮನೆಗೆ ಬಂದು, ನಿಜಕ್ಕೂ ಇಲ್ಲಿ ವಾಸವಿದ್ದಾಳೆಯೇ ಎಂದು ನೋಡಿ, "ಹೌದು" ಎಂದರೆ ಶಾಯಿಯಾಗುತ್ತದೆ. "ಇಲ್ಲ" ಎಂದರೆ ಅಳಿಸಿ ಮೊದಲಿನಿಂದ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ನಿವಾಸಿಯಾಗಿದ್ದರೆ ಮಾತ್ರ ಈ ವರ್ಷಕ್ಕೆ ಏಳು. ಜೂನ್ ದಾಟಿ ಮತ್ತೆ ಅರ್ಜಿ ಹಾಕಿದರೆ ವರ್ಷ ಹೋಯಿತು. ಇನ್ನೊಂದು ವರ್ಷ ಕಾಯುವಷ್ಟು ತನ್ನ ಹತ್ತಿರ ಇಲ್ಲ, ಹಾಗಾದರೆ ಮನೆ ಬಿಟ್ಟು ವಾಪಸು ಹೋಗುವುದೇ ಎಂದು ಆಕೆ ನೇರವಾಗಿ ಹೇಳಿದಳು. ಗೋಳಾಡಲಿಲ್ಲ. ರೈಲಿನ ಸಮಯ ಹೇಳುವ ಹಾಗೆ ಹೇಳಿದಳು.

ಮೇ ೧೪, ಬುಧವಾರ

ಏನೂ ಇಲ್ಲ. ಗಾಳಿ. ನಿನ್ನ ಬೀರು ತೆರೆದೆ, ಮುಚ್ಚಿದೆ.

ಮೇ ೨೦, ಮಂಗಳವಾರ

ಸಿನ್ಯೋರಾ ಟೂಹಿಯವರ ಮನೆಗೆ ನಲ್ಲಿ ಸರಿ ಮಾಡಲು ಹೋಗಿದ್ದೆ. ಕೆಳಗಿನ ಬೀದಿಯಲ್ಲಿ, ತೀರಿಹೋದ ಮಿಕೇಲೆಯ ಮನೆ. ಎರಡೇ ಕೋಣೆ. ಒಳಗೆಲ್ಲ ಸುಣ್ಣ ಹೊಡೆದಿದ್ದಾರೆ. ತಾವೇ ಹೊಡೆದದ್ದು. ಮೂಲೆಗಳನ್ನು ನೋಡಿದೆ, ಬ್ರಷ್ಷು ಒಂದೇ ದಿಕ್ಕಿನಲ್ಲಿ ಓಡಿದೆ. ಗೋಡೆಗೆ ಮೊಳೆ ಹೊಡೆಯುವ ಮುಂಚೆ ತಟ್ಟಿ ನೋಡುವ ಹೆಂಗಸನ್ನು ನಾನು ನೋಡಿದ್ದು ಇದೇ ಮೊದಲು.

ಎದುರು ಮನೆ ಚೆಸಿರಾಳದು. ಊರೆಲ್ಲ ಅವಳನ್ನು ಅತ್ತೆ ಎನ್ನುತ್ತದೆ. ಎಂಬತ್ತು ದಾಟಿ ಎಷ್ಟೋ ಕಾಲವಾಗಿದೆ, ನಾಲಿಗೆಗೆ ಮಾತ್ರ ಇಪ್ಪತ್ತು. ನಾನು ಬೀದಿಯಲ್ಲಿ ಕಾಲಿಟ್ಟ ಕೂಡಲೇ:

"ಬಂದ್ಯಾ ಇಂಗ್ಲಿಷ್ ಮೇಷ್ಟ್ರೇ? ನಲ್ಲಿ ಸೋರ್ತಿದ್ಯೋ, ನೀನೇ ಸೋರ್ತಿದ್ದೀಯೋ?"

"ಅತ್ತೇ, ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ."

"ಒಳ್ಳೇ ಹೆಂಗಸು ಕಣೋ. ನಿನ್ನೆ ನನ್ನ ಸೌದೆ ಎಲ್ಲ ಮೇಲೆ ಹೊತ್ಹಾಕಿದ್ಲು. ಭಾಷೆ ಬರಲ್ಲ, ಅದೇ ಒಳ್ಳೇದು. ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾಳೆ. ನನ್ ಸೊಸೆಗೆ ಭಾಷೆ ಬಂದು ಏನ್ ಉದ್ಧಾರ ಆಯ್ತು?"

ಸಿನ್ಯೋರಾ ತಮ್ಮ ಊರಿನಲ್ಲಿ ಕಾರು ಕಲಿಸುವ ಮೇಷ್ಟರಾಗಿದ್ದರಂತೆ. ನನಗೆ ನಗು ಬಂತು, ಏಕೆಂದರೆ ನಮ್ಮ ಕಾರು ಉಗ್ರಾಣದಲ್ಲಿ ಬಟ್ಟೆ ಹೊದ್ದು ಮಲಗಿದೆ. ಓಡಿಸುತ್ತಿದ್ದವಳು ನತಿನಾ. ನಾನು ಪಕ್ಕದಲ್ಲಿ ಕೂತು ದಾರಿಯ ಬಗ್ಗೆ ಅಭಿಪ್ರಾಯ ಹೇಳುತ್ತಿದ್ದೆ. ನನ್ನ ಲೈಸೆನ್ಸು ಮಾತ್ರ ಅಭ್ಯಾಸಬಲದಿಂದ ನವೀಕರಣವಾಗುತ್ತಾ ಬಂದಿದೆ. ಇಷ್ಟನ್ನು ಕೈಸನ್ನೆಯಲ್ಲಿ ವಿವರಿಸಿದ್ದೇ ತಪ್ಪಾಯಿತು.

"ಕಾರಿದೆ, ಲೈಸೆನ್ಸ್ ಇದೆ. ನಂಗೆ ನಾಳೆ ಆರೋಗ್ಯ ಕಾರ್ಡಿಗೆ ಕಾಂಪೊಬಾಸ್ಸೊ ಪಟ್ಟಣಕ್ಕೆ ಹೋಗ್ಬೇಕು. ಮತ್ತೇನು ಬೇಕು?" ಎಂದರು, ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ.

"ನೀವೇ ಓಡಿಸಿ."

"ನಮ್ಮ ದೇಶದಲ್ಲಿ ಎಡಗಡೆ ಮೇಷ್ಟ್ರು ಕೂರೋ ಜಾಗ. ಇಲ್ಲಿ ಅಲ್ಲೊಂದು ಸ್ಟಿಯರಿಂಗ್ ಇಟ್ಟಿದ್ದೀರಿ. ಈ ವಯಸ್ಸಲ್ಲಿ ನಾನು ಜಾಗ ಬದಲಾಯಿಸಲ್ಲ, ಪಕ್ಕದಲ್ಲೇ ಕೂರ್ತೀನಿ."

ದೇಶವನ್ನೇ ಬದಲಾಯಿಸಿದವರು ಹೇಳುವ ಮಾತೇ ಇದು.

ಮೇ ೨೧, ಬುಧವಾರ

ಹೋಗಿ ಬಂದೆವು. ಜೀವ ಇದೆ. ತಿರುವುಗಳಲ್ಲಿ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು, ಮುಖ ಮಾತ್ರ ಚರ್ಚಿನಲ್ಲಿ ಕೂತವರ ಹಾಗೆ. ಹಿಂದಿನಿಂದ ಲಾರಿಯವನು ಹಾರನ್ ಬಾರಿಸಿ ಬಾರಿಸಿ, ಬೈದು ಬೈದು ನನ್ನ ತಾಯಿಯವರೆಗೂ ಹೋದ. "ಅವನಿಗೆ ಅವಸರ, ನಮಗಿಲ್ಲ" ಎಂದರು. ಇಷ್ಟು ಸರಳವಾದ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಎಂಜಿನ್ ಆರಿಸಿಬಿಟ್ಟಾಗಲೆಲ್ಲ ಒಂದೇ ಧ್ವನಿಯಲ್ಲಿ, "ಪರವಾಗಿಲ್ಲ, ಇನ್ನೊಂದ್ಸಲ." ಬೇಸರದ ಒಂದು ಎಳೆಯೂ ಇಲ್ಲ. ಸಾವಿರಾರು ಜನರ ಕೈಯಲ್ಲಿ ಜೀವ ಕೊಟ್ಟು ಕೂತು ಸಂಪಾದಿಸಿದ ಪಿಂಚಣಿ ಅದು. ಏಳು ಕೂಡ ಜಾಸ್ತಿಯೇ.

ದಾರಿಯಲ್ಲಿ ಪೊದೆಗಳು ಹಳದಿ ಹೂವು ಬಿಟ್ಟಿದ್ದವು. ನಾನು ನೋಡಲಿಲ್ಲ, ರಸ್ತೆ ನೋಡುತ್ತಿದ್ದೆ. ಅವರು ಹೇಳಿದರು.

ಮೇ ೨೯, ಗುರುವಾರ

ಇವತ್ತು ನಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂದು ಬರೆದಿಡುತ್ತೇನೆ.

ಮಧ್ಯಾಹ್ನದ ಹೊತ್ತು ಕೆಳಗಿನ ಬೀದಿಯ ಮೆಟ್ಟಿಲಿನ ಮೇಲೆ ಕೂತಿದ್ದೆ, ಸಿನ್ಯೋರಾ ಮಾರುಕಟ್ಟೆಯಿಂದ ಬರಲೆಂದು. ನಲ್ಲಿಗೆ ಹೊಸ ವಾಷರ್ ತಂದಿದ್ದೆ. ಒಬ್ಬ ಪರಸ್ಥಳದವನು ಬಂದ. ಮೂವತ್ತು ಮೂವತ್ತೈದರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. ಫೈಲು ನೋಡಿದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು.

"ನಮಸ್ಕಾರ ಯಜಮಾನ್ರೇ. ಈ ಮನೇಲಿ ಒಬ್ಬರು ವಿದೇಶಿ ಹೆಂಗಸು ಇದಾರಾ?"

"ಯಾವ ಮನೆ?"

"ಇದೇ. ನಿಮ್ಮ ಹಿಂದಿರೋದು."

ನಾನು ತಿರುಗಿ ಆ ಮನೆಯನ್ನು ಜೀವಮಾನದಲ್ಲಿ ಮೊದಲ ಸಲ ನೋಡುವವನಂತೆ ನೋಡಿದೆ. "ಓ, ಇಲ್ಲೊಂದು ಮನೆ ಇದೆಯಾ" ಎಂದೆ.

"ಟೂಹಿ ಅಂತ ಹೆಸರು."

"ಆ ಥರದ ಹೆಸರು ಈ ಕಡೆ ಇಲ್ಲ. ನಾನು ಮೇಲಿನ ಬೀದಿಯವನು, ಸುಮ್ನೆ ನೆರಳಿಗೆ ಕೂತಿದೀನಿ."

ತೆರಿಗೆಯವನೇ ಎಂದು ನನಗೆ ಖಾತ್ರಿ. ಇನ್ನೂ ಪೆನ್ಸಿಲಿನಲ್ಲಿರುವ ಹೆಂಗಸನ್ನು ಆಗಲೇ ಮೂಸಿ ನೋಡಲು ಬಂದಿದ್ದಾನೆ. ಅವನು ಎದುರು ಮನೆಯ ಬಾಗಿಲು ಬಡಿದ. ಚೆಸಿರತ್ತೆ ಕಿಟಕಿಯಿಂದ ತಲೆ ಹಾಕಿದಳು.

"ಇಲ್ಲಿ ಯಾರೂ ಇಲ್ಲ!"

"ನಾನಿನ್ನೂ ಏನೂ ಕೇಳೇ ಇಲ್ವಲ್ಲಮ್ಮ."

"ಕೇಳು ಮತ್ತೆ."

"ಎದುರು ಮನೇಲಿ..."

"ಮಿಕೇಲೆ ಸತ್ತಾಗಿನಿಂದ ಬೀಗ ಹಾಕಿದೆ. ಇಲಿ ಇದಾವೆ. ಇಲಿ ಬೇಕಾ?"

ನಾನು ನಗು ತಡೆಯಲು ಬೂಟಿನ ಲೇಸು ಕಟ್ಟಿಕೊಂಡೆ. ಅವನು ಏನೋ ಬರೆದುಕೊಂಡು ಮೇಲಕ್ಕೆ ಹೋದ. ಅಲ್ಲಿ ಪೊಂಪಿಲಿಯೋನನ್ನೂ ವಿಚಾರಿಸಿದನಂತೆ. ಪೊಂಪಿಲಿಯೋ ವಿದೇಶಿಯರೆಂದರೆ ಯಾರು ಎಂದೇ ಕೇಳಿದನಂತೆ. ಮಾತಾಡಿಕೊಂಡಿರಲಿಲ್ಲ, ಕಣ್ಣಲ್ಲೂ ಹೇಳಿಕೊಂಡಿರಲಿಲ್ಲ, ಇಡೀ ಊರು ಒಂದೇ ಬಾಯಿ. ಇಂಥ ಊರಿನಲ್ಲಿ ಹುಟ್ಟಿದ್ದಕ್ಕೆ ಅಪರೂಪಕ್ಕೆ ಹೆಮ್ಮೆಯಾಗುತ್ತದೆ.

ಸಿನ್ಯೋರಾಗೆ ಹೇಳಲಿಲ್ಲ. ಸುಮ್ಮನೆ ಹೆದರಿಸುವುದೇಕೆ?

ಜೂನ್ ೩, ಮಂಗಳವಾರ

ಪೇದೆ ಇನ್ನೂ ಬಂದಿಲ್ಲ. ಜೆನ್ನಾರೋ ನಿವೃತ್ತನಾದ ಮೇಲೆ ನಮ್ಮೂರಿಗೆ ಪೇದೆಯೇ ಇಲ್ಲ, ಪಕ್ಕದೂರಿನವನನ್ನು ಹಂಚಿಕೊಂಡಿದ್ದೇವೆ. ಬರುತ್ತಾನೆ. ಟೋಪಿ, ಸೀಟಿ, ಸ್ಕೂಟರು, ದೂರದಿಂದಲೇ ಗೊತ್ತಾಗುತ್ತದೆ.

ನಿನ್ನೆ ರಜೆ. ಚೆಸಿರತ್ತೆ ಬೆಲ್ಲದ ಬಣ್ಣದ ಒಂದು ಥರದ ಗಟ್ಟಿ ಬಿಸ್ಕತ್ತು ಮಾಡಿದ್ದಳು, ಹಲ್ಲಿದ್ದವರಿಗೆ. ಸಿನ್ಯೋರಾ ಡಿಂಪ್ನಾ ಅದನ್ನು ಚಹಾದಲ್ಲಿ ಮುಳುಗಿಸಿದರು. ಅತ್ತೆ ಎದೆ ಹಿಡಿದುಕೊಂಡಳು, ಆಮೇಲೆ ತಾನೂ ಮುಳುಗಿಸಿ ನೋಡಿದಳು. ಇನ್ನೊಂದು ತೆಗೆದುಕೊಂಡಳು.

ಮೂರನೇ ಗೇರಿನಲ್ಲಿ ಹೋಗುವಷ್ಟು ಧೈರ್ಯ ಬಂದಿದೆ.

ಜೂನ್ ೧೦, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ.

ಒರ್ನೆಲ್ಲಾ ಕರೆಸಿದಳು. ಅರ್ಜಿ ತಿರಸ್ಕರಿಸುವುದಾಗಿ ಸೂಚನೆ ಸಿದ್ಧವಾಗಿದೆಯಂತೆ. ಮೇ ಇಪ್ಪತ್ತೊಂಬತ್ತರಂದು ಪೇದೆ ತಪಾಸಣೆಗೆ ಬಂದಿದ್ದ. ಮನೆಯಲ್ಲಿ ಯಾರೂ ಇರಲಿಲ್ಲ. ನೆರೆಹೊರೆಯವರೆಲ್ಲ ಅಂಥ ಹೆಂಗಸು ಇಲ್ಲವೇ ಇಲ್ಲ ಎಂದರು.

"ಫೈಲು ಹಿಡ್ಕೊಂಡವನಾ?" ಎಂದೆ.

"ಹೂಂ. ರುಜ್ಜೇರೋ ಅಂತ, ಹೊಸಬ. ಸಮವಸ್ತ್ರ ಇನ್ನೂ ಬಂದಿಲ್ಲ ಅವನಿಗೆ. ಚಿಕ್ಕಪ್ಪಾ, ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಮುದುಕ, ಅಲ್ಲಿ ಮನೆ ಇದೆ ಅನ್ನೋದೇ ತನಗೆ ಗೊತ್ತಿಲ್ಲ ಅಂದ ಅಂತ ಬರೆದಿದಾನೆ. ಯಾವ ದರಿದ್ರದವನು ಗೊತ್ತಾ ನಿನಗೆ?"

ಗೊತ್ತು ಎಂದೆ.

ಅವಳು ನನ್ನನ್ನು ನೋಡಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಅವರು ಇಲ್ಲೇ ಇರೋದು ನನಗೆ ಗೊತ್ತು. ದಿನಾ ಬ್ರೆಡ್ ಅಂಗಡೀಲಿ ಪಕ್ಕದಲ್ಲೇ ನಿಂತಿರ್ತೀನಿ. ಆದ್ರೆ ನನಗೆ ಗೊತ್ತಿರೋದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಬಂದು ನೋಡಿ ಅಂತ ಅರ್ಜಿ ಕೊಡಿ. ಮತ್ತೆ ಬರ್ತಾನೆ, ಯಾವತ್ತು ಅಂತ ಹೇಳಲ್ಲ. ಆಗ ಬೀದಿಯವರು ಹೌದು ಅನ್ಬೇಕು. ಮತ್ತೆ ಇಲ್ಲ ಅಂದ್ರೆ ಮುಗೀತು. ಈ ತಿಂಗಳು ದಾಟಿದ್ರೆ ಅವರ ವರ್ಷ ಹೋಯ್ತು. ವರ್ಷ ಹೋದ್ರೆ ಅವರೂ ಹೋದ್ರು."

ಜೂನ್ ೧೧, ಬುಧವಾರ

ಹೇಳಿದೆ. ಸಿನ್ಯೋರಾ ಡಿಂಪ್ನಾ ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಳ್ಳುವುದಕ್ಕೆ ಪಾಠವೇ ಇರಲಿಲ್ಲ. "ಎ ಮ್ಯಾನ್ ಕೇಮ್. ಹಿ ಆಸ್ಕ್ಡ್. ಐ ಥಾಟ್ ಟ್ಯಾಕ್ಸ್. ಐ ಸೆಡ್ ನೋ. ಆಂಟ್ ಸೆಡ್ ನೋ. ಬಾರ್ಬರ್ ಸೆಡ್ ನೋ." ಅಷ್ಟೆ. ಅವರು ಬಿಡಿಸುವುದನ್ನು ನಿಲ್ಲಿಸಿದರು.

"ಚೆಸಿರಾ ಏನಂದ್ರು?"

"ನೋ."

"ಮತ್ತೆ ಪೊಂಪಿಲಿಯೋ? ನಾನು ಅವನ ಹತ್ರ ಒಂದೇ ಸಲ ಕೂದಲು ಕತ್ತರಿಸ್ಕೊಂಡಿದ್ದು."

"ನೋ."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅವರೆಕಾಯಿಯ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗಲೆಂದು ಪದ ಪದ ಬಿಡಿಸಿ ಹೇಳಿದರು: "ನಮ್ಮೂರಲ್ಲಿ ನಾನು ಹನ್ನೊಂದು ವರ್ಷ ಒಂದೇ ಕಟ್ಟಡದಲ್ಲಿ ಇದ್ದೆ. ಅಲ್ಲಿ ಯಾರಾದ್ರೂ ಬಂದು ಡಿಂಪ್ನಾ ಟೂಹಿ ಇದಾಳಾ ಅಂತ ಕೇಳಿದ್ರೆ, ಗೊತ್ತಿಲ್ಲ ಅಂತಿದ್ರು. ನಿಜವಾಗ್ಲೂ ಗೊತ್ತಿರಲಿಲ್ಲ ಅವರಿಗೆ. ಇಲ್ಲಿ ಗೊತ್ತಿದ್ದೂ ಇಲ್ಲ ಅಂದಿದಾರೆ. ನನಗೋಸ್ಕರ."

ಕಣ್ಣು ಒರೆಸಿಕೊಂಡರು, ಅದೇ ಕೈಯಿಂದ, ಅವರೆಸಿಪ್ಪೆ ಅಂಟಿದ ಕೈ. ನಂತರ ಅರ್ಧ ಪಾತ್ರೆ ನನ್ನ ಕಡೆ ತಳ್ಳಿದರು. ಇಬ್ಬರೂ ಬಿಡಿಸಿದೆವು.

ನಾನು ಬಹಳ ಜನರನ್ನು ನೋಡಿದ್ದೇನೆ. ಬಾಗಿಲು ಮುಖಕ್ಕೆ ಬಡಿದಾಗ ಆ ಬಾಗಿಲಿನ ಮರ ಚೆನ್ನಾಗಿದೆ ಎಂದು ನೋಡುವವರನ್ನು ನೋಡಿರಲಿಲ್ಲ.

ಜೂನ್ ೧೩, ಶುಕ್ರವಾರ

ಅರ್ಜಿ ಕೊಟ್ಟಾಯಿತು. ಅತ್ತೆಯನ್ನು ಒಪ್ಪಿಸಲು ಹೋದೆ. ಸಂತ ಅಂತೋನಿಯ ದಿನವೆಂದು ಕಪ್ಪು ಸ್ಕಾರ್ಫು ಕಟ್ಟಿ ಕೂತಿದ್ದಳು.

"ಆ ಹುಡುಗ ಮತ್ತೆ ಬರ್ತಾನೆ ಅತ್ತೆ. ಹೌದು, ಇದಾಳೆ ಅಂತ ಒಂದು ಮಾತು ಹೇಳು, ಸಾಕು."

"ನಾನು ಬಾಗಿಲೇ ತೆಗೆಯಲ್ಲ."

"ತೆಗೀಬೇಕು."

"ಕೇಳು ಮಗಾ. ಯುದ್ಧದ ಕಾಲದಲ್ಲಿ ನಮ್ಮಪ್ಪ ಹಂದೀನ ಮಂಚದ ಕೆಳಗೆ ಬಚ್ಚಿಟ್ಟಿದ್ದ. ಫೈಲು ಹಿಡ್ಕೊಂಡು ಬಂದವರು ನನ್ನೇ ಕೇಳಿದ್ರು, ಮಗು ನಿಜ ಹೇಳತ್ತೆ ಅಂತ. ಇಲ್ಲಿ ಯಾರೂ ಇಲ್ಲ ಅಂದೆ. ಹಂದಿ ಗುರ್ ಅಂತಿತ್ತು. ಆವತ್ತು ಆ ಮಾತಿಂದ ನಾವು ಚಳಿಗಾಲ ಕಳೆದ್ವಿ. ಆಮೇಲಿಂದ ಫೈಲು ನೋಡಿದ್ರೆ ಈ ಬಾಯಿಗೆ ಬೇರೆ ಮಾತು ಬರಲ್ಲ."

"ಇದು ಹಂದಿ ಅಲ್ಲ ಅತ್ತೆ."

"ನಂಗೊತ್ತಿಲ್ವಾ? ಹೌದು ಅಂದ್ರೆ ಹೆಸರು ಬರ್ಕೋತಾರೆ. ಹೆಸರು ಬರ್ಕೊಂಡ್ರೆ ಮನೆಗೆ ಬರ್ತಾರೆ. ಹೋದ್ಸಲ ಸುಳ್ಳು ಹೇಳಿದ್ದಕ್ಕೆ ಜೈಲಿಗೆ ಹಾಕಿದ್ರೆ ನೀನು ಬಂದು ಸೂಪು ಮಾಡ್ಕೊಡ್ತೀಯಾ?"

"ಮಾಡ್ಕೊಡ್ತೀನಿ."

"ನಿನ್ ಸೂಪು ನತಿನಾ ಹೇಳಿದ್ಲು ಹೇಗಿರತ್ತೆ ಅಂತ. ಹೋಗು."

ಪೊಂಪಿಲಿಯೋ ಅಂಗಡಿ ಬಾಗಿಲಿಗೆ "ರಜೆ" ಎಂದು ಬೋರ್ಡು ತಗಲಿಸಿ ಒಳಗೆ ಕೂತಿದ್ದಾನೆ. ಬಿಲ್ಲಿನ ಮಿಷನ್ನಿನ ಭಯ.

ಜೂನ್ ೧೮, ಬುಧವಾರ

ಬರಲಿಲ್ಲ. ಡಿಂಪ್ನಾ ಹೊಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಕಾವಲು ಕಾಯುವವರ ಹಾಗೆ. ನಾನೂ ಹೋಗಿ ಕೂತೆ. ಅವಳಿಗೆ ನಮ್ಮ ಇಸ್ಪೀಟು ಕಲಿಸಿದೆ. ನನ್ನನ್ನೇ ಸೋಲಿಸಿದಳು, ಸೋಲಿಸಿ ಕ್ಷಮೆ ಕೇಳಿದಳು. ಆಡುವವರು ಕ್ಷಮೆ ಕೇಳಬಾರದು ಎಂದು ಅರ್ಧ ಗಂಟೆ ಜಗಳವಾಡಿದೆವು. ಊಟ ಮರೆತೇ ಹೋಯಿತು.

ಜೂನ್ ೨೫, ಬುಧವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ಪೊಂಪಿಲಿಯೋ ಹೇಳುವ ಹಾಗೆಯೇ ನೆನಪಿರುತ್ತದೆ, ಅದರಲ್ಲಿ ಅವನೇ ನಾಯಕ.

ಬೆಳಿಗ್ಗೆ ಡಿಂಪ್ನಾಳ ಗ್ಯಾಸ್ ಮುಗಿಯಿತು. ಸಿಲಿಂಡರು ಸಿಗುವುದು ಕೆಳಗೆ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ. ನಾನೊಬ್ಬನೇ ಹೋಗಿ ತರುತ್ತೇನೆ, ನೀವು ಮನೆ ಬಿಟ್ಟು ಕದಲಬೇಡಿ, ತಿಂಗಳು ಮುಗಿಯುತ್ತಿದೆ ಎಂದೆ. ಅವಳು ಬೂಟು ಹಾಕಿಕೊಂಡಳು.

"ಇಲ್ಲಿ ವಾಸ ಮಾಡ್ತೀನಿ ಅಂತ ತೋರಿಸೋಕೆ ಒಳಗೇ ಬೀಗ ಹಾಕ್ಕೊಂಡು ಕೂರ್ಬೇಕಾ? ವಾಸ ಮಾಡೋರ ಮನೇಲಿ ಗ್ಯಾಸ್ ಮುಗಿಯತ್ತೆ. ಅವರು ಗ್ಯಾಸ್ ತರೋಕೆ ಹೋಗ್ತಾರೆ."

ಹೋದೆವು. ಬಿಸಿಲು, ಗೋಧಿ ಹಣ್ಣಾಗಿ ನಿಂತಿತ್ತು, ಒಂದು ಹದ್ದು ಕಣಿವೆಯ ಮೇಲೆ ಸುಮ್ಮನೆ ತೇಲುತ್ತಿತ್ತು. ಲಾರಿಯವನನ್ನು ಮುಂದೆ ಬಿಟ್ಟೆ. ಹಿಂದೆ ಸಿಲಿಂಡರು ಗಂಟೆಯ ಹಾಗೆ ಬಡಿದುಕೊಳ್ಳುತ್ತಿತ್ತು. ವಾಪಸು ಬಂದರೆ ಬೀದಿಯ ತುದಿಯಲ್ಲಿ ಪುರಸಭೆಯ ಕಾರು.

ನನ್ನ ಕಾಲು ಕ್ಲಚ್ಚಿನಿಂದ ಜಾರಿತು, ಎಂಜಿನ್ ಆರಿತು. ಡಿಂಪ್ನಾ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದುದು ಇದೇ ಮೊದಲು. ನೋಡಿದರೆ ಮುಖ ಸುಣ್ಣದಂತಾಗಿತ್ತು. ಸೀಟಿನ ಮೇಲಿದ್ದ ಅವಳ ಕೈ ಹಿಡಿದು "ಪರವಾಗಿಲ್ಲ, ಇನ್ನೊಂದ್ಸಲ" ಎಂದೆ. ಇಳಿದು ಹೋದೆವು.

ಮನೆ ಬಾಗಿಲು ತೆರೆದಿತ್ತು. ಒಳಗೆ ಇಡೀ ಬೀದಿ.

ನಡೆದದ್ದು ಹೀಗಂತೆ. ರುಜ್ಜೇರೋ ಬಂದು ನಮ್ಮ ಬಾಗಿಲು ಬಡಿದಿದ್ದಾನೆ, ಅಂದರೆ ಅವಳ ಬಾಗಿಲು. ಉತ್ತರವಿಲ್ಲ. ಪೆನ್ನು ತೆಗೆದಿದ್ದಾನೆ. ಎದುರು ಕಿಟಕಿಯಿಂದ ಅತ್ತೆ, "ಇಲ್ಲಿ ಯಾ..." ಎಂದವಳು ಅಲ್ಲಿಗೇ ನಿಂತಿದ್ದಾಳೆ. ಕೆಮ್ಮಿದ್ದಾಳೆ. ಕೆಳಗಿಳಿದು ಬಂದು ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದಾಳೆ:

"ಯಾರ ಪೈಕಿಯಪ್ಪಾ ನೀನು?"

ನೋಡಿ, ಇದನ್ನು ಮೊದಲ ದಿನ ನಾವ್ಯಾರೂ ಕೇಳಿರಲಿಲ್ಲ. ಫೈಲು ನೋಡಿ ಬೆಚ್ಚಿ ಇಷ್ಟು ದೊಡ್ಡ ಮರ್ಯಾದೆ ತಪ್ಪಿದ್ದೆವು. ಅವನು ತನ್ನ ಊರು ಹೇಳಿದ್ದಾನೆ, ಅಪ್ಪನ ಹೆಸರು ಹೇಳಿದ್ದಾನೆ. ಸಾಲಲಿಲ್ಲ. ಅಜ್ಜನ ಹೆಸರು ಹೇಳಿದ್ದಾನೆ.

"ಹೇಸರಗತ್ತೆ ವ್ಯಾಪಾರದ ಬೆನಿಯಾಮೀನೋ? ನಮ್ಮಪ್ಪನಿಗೆ ಕುಂಟು ಹೇಸರಗತ್ತೆ ಮಾರಿದ್ದು ಅವನೇ!"

"ಇರಬಹುದು ಅಜ್ಜಿ, ಅವರು ಎಲ್ಲರಿಗೂ ಕುಂಟಂದೇ ಮಾರ್ತಿದ್ರಂತೆ."

"ಅಯ್ಯೋ ಕಂದಾ, ಮೊದ್ಲೇ ಹೇಳೋದಲ್ವಾ? ಬಾ ಒಳಗೆ!"

ಆಮೇಲೆ ಅವಳನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲವಂತೆ. ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು, ಅವನ ತೋಳು ಹಿಡಿದೆಳೆದು, ಒಣಗಲು ಹಾಕಿದ್ದ ಬಟ್ಟೆ ತೋರಿಸಿದ್ದಾಳೆ, ಒಳಉಡುಪು ಸಮೇತ. ಹಾಸಿಗೆಯ ತಗ್ಗು ತೋರಿಸಿದ್ದಾಳೆ. "ಗೊರಕೆ ಹೊಡೀತಾಳೆ, ನಮ್ಮನೆಗೆ ಕೇಳತ್ತೆ, ಬರ್ಕೋ." ಆ ಸದ್ದಿಗೆ ಉಳಿದವರು ಬಂದರು. ಪೊಂಪಿಲಿಯೋ ಬಂದು, ಆ ಹೆಂಗಸಿನ ಕೂದಲು ಕತ್ತರಿಸಿದ್ದು ನಾನೇ ಎಂದು ಸಾಕ್ಷಿ ಹೇಳಿದ್ದಾನೆ. ರುಜ್ಜೇರೋ "ಬಿಲ್ಲು ಇದೆಯಾ?" ಎಂದಿದ್ದಾನೆ. ಪೊಂಪಿಲಿಯೋ ಬಿಳಚಿಕೊಂಡು, "ಸ್ನೇಹಕ್ಕೆ ಕತ್ತರಿಸಿದ್ದು" ಎಂದಿದ್ದಾನೆ. ಆದರೂ ಓಡಿಹೋಗಲಿಲ್ಲ. ಅದನ್ನು ಬರೆದಿಡಬೇಕು.

ನಾವು ಒಳಗೆ ಹೋದಾಗ ರುಜ್ಜೇರೋ ಮೇಜಿನ ಮುಂದೆ ಕೂತು, ಅತ್ತೆ ತನ್ನ ಮನೆಯಿಂದ ತಂದಿಟ್ಟ ಮೊಟ್ಟೆಪಲ್ಯ ಮುಗಿಸಲಾಗದೆ ಬೆವರುತ್ತಿದ್ದ.

"ಅಜ್ಜಿ, ಹೋದ ಸಲ ಇಲ್ಲಿ ಇಲಿ ಮಾತ್ರ ಇದೆ ಅಂದಿದ್ರಲ್ಲ?"

"ಅಂದಿದ್ದೆ. ಸುಳ್ಳು. ನನ್ ಹೆಸರು ಬರ್ಕೋ, ಚೆಸಿರಾ, ಪೂರ್ತಿ ಬರ್ಕೋ. ನಾನು ಸುಳ್ಳು ಹೇಳಿದ್ದೆ. ಈಗ ಹೇಳ್ತಿರೋದು ನಿಜ." ಅವಳು ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡಿದ್ದಳು.

ಡಿಂಪ್ನಾಗೆ ಇಷ್ಟು ವೇಗದ ಮಾತು ತಿಳಿಯುವುದಿಲ್ಲ. ಆದರೂ ತಿಳಿಯಿತು. ಹೋಗಿ ಅತ್ತೆಯ ಏಪ್ರನ್ನಿನೊಳಗೆ ಕೈ ಹಾಕಿ ಆ ಕೈಗಳನ್ನು ಹಿಡಿದುಕೊಂಡಳು. ರುಜ್ಜೇರೋ ಪೆನ್ನನ್ನು ಕೆಳಗಿಟ್ಟ. ನಂತರ ಡಿಂಪ್ನಾಳನ್ನು ಕೇಳಿದ, "ಸಿನ್ಯೋರಾ, ನೀವು ಇಲ್ಲೇ ವಾಸ ಮಾಡ್ತೀರಾ?"

"ಗ್ಯಾಸ್ ಮುಗೀತು" ಎಂದಳು, ನಮ್ಮ ಭಾಷೆಯಲ್ಲಿ. ಎಲ್ಲರೂ ನಕ್ಕರು. ಅವನೂ ನಕ್ಕ.

ಆಮೇಲೆ ನನ್ನ ಕಡೆ ತಿರುಗಿದ. ಗುರುತು ಹಿಡಿದ. ಹಿಡಿಯದೆ ಏನು? "ಯಜಮಾನ್ರೇ, ಇಲ್ಲೊಂದು ಮನೆ ಇದೆ, ಈಗ ಕಾಣ್ತಿದೆಯಾ?"

"ಕಾಣ್ತಿದೆ."

"ಇವರಿಗೆ ನೀವೇನಾಗ್ಬೇಕು? ಸಾಕ್ಷಿ ಅಂತ ಬರೀಬೇಕು."

"ನೆರೆಯವನು" ಎಂದೆ.

"ಹೋದ ಸಲ ಮೇಲಿನ ಬೀದಿ ಅಂದಿದ್ರಿ. ಅದು ಊರಿನ ಆ ತುದಿ."

ಎಲ್ಲರೂ ಒಮ್ಮೆಲೇ ಸುಮ್ಮನಾದರು. ಯಾಕೋ ತಿಳಿಯಲಿಲ್ಲ. ಪೊಂಪಿಲಿಯೋ ಸೂರು ನೋಡುತ್ತಿದ್ದ. ಅತ್ತೆಯೇ ಹೇಳಿದಳು, "ನೆರೆಯವನು ಅಂತಲೇ ಬರ್ಕೋ ಮಗಾ. ನಮ್ಮೂರು ಇರೋದೇ ಇಷ್ಟಗಲ. ಇವನು ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಇಲ್ಲಿ, ಸಂಜೆ ಇಲ್ಲಿ. ಇವನ ಮನೇಗ್ ತಪಾಸಣೆಗೆ ಹೋದ್ರೆ ಇವನೇ ಅಲ್ಲಿ ವಾಸ ಇಲ್ಲ ಅಂತ ಬರೀಬೇಕಾಗತ್ತೆ!"

ಮತ್ತೆ ನಗು. ಇಷ್ಟೊಂದು ನಗುವಂಥದ್ದು ಅದರಲ್ಲಿ ಏನಿತ್ತು? ನಲ್ಲಿ ಒಂದಲ್ಲ ಒಂದು ಸೋರುತ್ತಿರುತ್ತದೆ, ಯಾರಾದರೂ ನೋಡಬೇಕಲ್ಲ. ಡಿಂಪ್ನಾ ಏನು ಎಂದು ಕೇಳಿದಳು. ಅನುವಾದಿಸಲು ಹೋದೆ, ಇಂಗ್ಲಿಷು ಬರಲಿಲ್ಲ.

ರುಜ್ಜೇರೋ ಬರೆದ, ಸಹಿ ಹಾಕಿದ. ಎದ್ದು ನಿಂತು, ಫೈಲು ಮುಚ್ಚಿ, ಸರ್ಕಾರದ ಧ್ವನಿಯಲ್ಲಿ, "ಇವರು ಇಲ್ಲಿ ಇದ್ದಾರೆ" ಎಂದ. ಯಾರೋ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಒರ್ನೆಲ್ಲಾಳ ಫೋನು ಬಂತು: ಶಾಯಿಯಾಯಿತು, ಈ ವರ್ಷವೇ ಲೆಕ್ಕಕ್ಕೆ. ಡಿಂಪ್ನಾಗೆ ಹೇಳಿದಾಗ ಅವಳು ಕುಣಿಯಲಿಲ್ಲ. "ಎಲ್ಲಾದ್ರೂ ತೆರಿಗೆ ಕಟ್ಟಲೇಬೇಕು. ನನ್ನ ಬೀದಿ ದೀಪ ಇರೋ ಊರಲ್ಲೇ ಕಟ್ತೀನಿ" ಎಂದು ಸಿಲಿಂಡರನ್ನು ಎತ್ತಿ ಒಳಗೆ ಹೊತ್ತುಕೊಂಡು ಹೋದಳು, ನಾನು ಕೈ ಹಾಕುವಷ್ಟರಲ್ಲಿ.

ಬೀದಿ ದೀಪ ಹತ್ತುವುದಿಲ್ಲ ಎಂದು ಅವಳಿಗೆ ಯಾರಾದರೂ ಹೇಳಬೇಕು. ಪುರಸಭೆಗೆ ಬರೆಯೋಣ. ಈಗ ಅವಳು ಬರೆಯಬಹುದು, ನಿವಾಸಿ. ಅವಳು ಬರೆದರೆ ದೀಪ ಬಂದೇ ಬರುತ್ತದೆ, ಆ ಅಕ್ಷರ ನೋಡಿದರೆ ಯಾರಿಗೂ ಇಲ್ಲ ಎನ್ನಲಾಗುವುದಿಲ್ಲ. ಅರ್ಜಿಯನ್ನು ನಾನು ಅನುವಾದಿಸುತ್ತೇನೆ, ಅದಕ್ಕೆ ಮೊದಲು ಅವಳ ಹತ್ತಿರ ಭವಿಷ್ಯತ್ ಕಾಲ...

ಸಾಲು ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ, ಎಷ್ಟು ಹೊತ್ತಿನಿಂದ ಬರೆಯುತ್ತಿದ್ದೇನೋ. ಇಲ್ಲಿಂದಲೇ ಕೇಳಿಸುತ್ತಿದೆ, ಕೆಳಗಿನ ಬೀದಿಯಲ್ಲಿ ಕುರ್ಚಿಗಳನ್ನು ಹೊರಗೆ ಎಳೆಯುತ್ತಿದ್ದಾರೆ. ನನಗೂ ಒಂದು ಹಾಕಿರಬೇಕು.